ಒಂದನೇ ನಂಬರಿನ ಕೆರೆ

ನಮ್ಮೂರಿಗೆ ಇರುವುದು ಒಂದು ಕೆರೆ. ಯಂತ್ರದ ಲೆಕ್ಕದಲ್ಲಿ ಏಳು.

ಎಮರ್ಜೆನ್ಸಿ ಮುಗಿದ ಮರುವರ್ಷ ನಮ್ಮ ಕಡೆ ಒಂದು ಗಣತಿ ನಡೆಯಿತು. ಗಣತಿಯವರು ಮನೆಮನೆಗೆ ಹೋಗಿ ಹಾಳೆ ತುಂಬಿದರು. ಒಬ್ಬ ‘ಸಿಹಿನೀರ ಕೆರೆ’ ಅಂತ ಬರೆದ. ಇನ್ನೊಬ್ಬ ‘ಊರ ಕೆರೆ’ ಅಂದ. ಮತ್ತೊಬ್ಬನಿಗೆ ಅದು ‘ದೊಡ್ಡ ಕೆರಿ’ ಆಯಿತು, ಮಗದೊಬ್ಬನಿಗೆ ‘ಪಂಚಾಯ್ತಿ ಕೆರೆ’. ಆ ಹಾಳೆಗಳೆಲ್ಲ ತೂತು ಹೊಡೆದ ಕಾರ್ಡುಗಳಾಗಿ ಬೆಂಗಳೂರಿನ ಕಂಪ್ಯೂಟರ್ ಯಂತ್ರದ ಹೊಟ್ಟೆ ಸೇರಿದವು. ಯಂತ್ರಕ್ಕೆ ನಮ್ಮೂರು ಗೊತ್ತಿಲ್ಲ. ಹೆಸರು ಎಷ್ಟೋ ಕೆರೆ ಅಷ್ಟು ಅಂತ ತಿಳಿದು ಏಳು ಕೆರೆ ಕೊಟ್ಟು ಕಳಿಸಿತು.

ನನ್ನವ್ವ ಕರೆವ್ವನಿಗೆ ಹೇಳಿದೆ. ಅವಳು ನಗಲಿಲ್ಲ.

“ಏಳಾ? ಅದರಾಗ ಒಂದ ನಮಗ ಕೊಡಂತ ಹೇಳವಾ ಆ ಮಿಷಿನಿಗೆ.”

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಇದು ಆ ಒಂದೂರಿನ ಕಥೆ ಅಂತ ಬಾಜೂ ಊರಿನವರು ಆರಾಮಾಗಿ ಮಲಗುತ್ತಾರೆ. ನವಲಗುಂದ ತಾಲೂಕು ಅಂದರೆ ಸಾಕು. ಎರೆ ಹೊಲ, ಹತ್ತಿ, ಜೋಳ. ಬಾವಿ ತೋಡಿದರೆ ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ, ಕುಡಿದರೆ ಹೊಟ್ಟೆ ಕೂಡ್ರುವುದಿಲ್ಲ. ಮಳೆ ನೀರು ನಿಂತ ಕೆರೆಯೊಂದೇ ಎಲ್ಲರ ಬಾಯಿಗೆ ಗತಿ.

ಎಲ್ಲರ ಅಂದೆನಲ್ಲ, ಅಲ್ಲಿಯೇ ಸ್ವಲ್ಪ ತಡೆಯಿರಿ.

ಕೆರೆಯ ಮೆಟ್ಟಿಲುಗಳ ತಲೆಗೆ ಒಂದು ಹಾಸುಗಲ್ಲು ಇದೆ. ಅದಕ್ಕೆ ನಿಂದ್ರೂ ಕಲ್ಲು ಅಂತ ಹೆಸರು. ನಮ್ಮ ಮಾದರ ಕೇರಿಯ ಹೆಂಗಸರು ಅಲ್ಲಿಯವರೆಗೆ ಬರಬಹುದು. ಕೊಡವನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಲ್ಲಬೇಕು. ಊರಿನ ಯಾರಾದರೂ ನೀರು ತುಂಬಿಕೊಂಡು ಮೇಲೆ ಬಂದಾಗ, ಮನಸ್ಸು ಬಂದರೆ, ಎತ್ತರದಿಂದ ಹೊಯ್ಯುತ್ತಾರೆ. ಅರ್ಧ ಕೊಡಕ್ಕೆ, ಅರ್ಧ ಕಲ್ಲಿಗೆ. ಕಲ್ಲಿನ ಮೇಲೆ ಬಿದ್ದ ನೀರನ್ನು ನಾಯಿ ನೆಕ್ಕುತ್ತದೆ. ನಾಯಿ ಬೇಕಾದರೆ ಕೆಳಗಿಳಿದೂ ಕುಡಿಯುತ್ತದೆ. ಅದಕ್ಕೆ ಯಾರೂ ಕೊಡ ಹಿಡಿದು ನಿಲ್ಲು ಅಂದಿಲ್ಲ.

ಬೇಸಿಗೆಯಲ್ಲಿ ಕೆರೆ ಬತ್ತುತ್ತದೆ. ಆಗ ಕೇರಿಯಲ್ಲಿ ಡಂಗುರ. ಹೂಳು ತೆಗೆಯಲು ನಾವೇ ಆಗಬೇಕು. ಗಂಡಸರು ಗುದ್ದಲಿ, ಹೆಂಗಸರು ಬುಟ್ಟಿ. ಕೆರೆಯ ತಳಕ್ಕೆ ಇಳಿದು, ಕರಿ ರಾಡಿ ತುಂಬಿಕೊಂಡು, ಅವೇ ಮೆಟ್ಟಿಲು ಹತ್ತಿ ದಂಡೆಗೆ ಚೆಲ್ಲಬೇಕು. ಬುಟ್ಟಿ ಹೊತ್ತು ಹೊತ್ತು ನಮ್ಮವ್ವನ ನೆತ್ತಿಯ ಕೂದಲು ಉದುರಿ ಅಂಗೈಯಗಲ ಬೋಳಾಗಿದೆ. ಕೆಲಸ ಮುಗಿದ ಮೇಲೆ ಊರಿನವರು ಗೋಮೂತ್ರ ಚಿಮುಕಿಸಿ ಕೆರೆಯನ್ನು ಶುದ್ಧ ಮಾಡುತ್ತಾರೆ. ಮಳೆ ಬರುತ್ತದೆ. ನೀರು ನಿಂತ ದಿನದಿಂದ ನಮ್ಮ ಕಾಲು ಮೈಲಿಗೆ. ಹೂಳಿಗೆ ಮೈಲಿಗೆ ಇಲ್ಲ. ಬತ್ತಿದ ಕೆರೆ ನಮ್ಮದು, ತುಂಬಿದ ಕೆರೆ ಊರಿನದು.

‘ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು’ ಅಂತ ಗಾದೆ ಮಾಡಿದ್ದಾರೆ. ಅವ್ವ ಲಗ್ನವಾಗಿ ಊರಿಗೆ ಬಂದು ಮುದುಕಿಯಾದಳು. ನೀರಿಗೆ ಇನ್ನೂ ಬಂದಿರಲಿಲ್ಲ.

ನಾನು ಸಾವಂತ್ರೆವ್ವ. ನವಲಗುಂದದ ಹಾಸ್ಟೆಲ್ಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಪಾಸಾದವಳು. ಗಣತಿಗೆ ಹೆಣ್ಣುಮಗಳೊಬ್ಬಳು ಬೇಕು, ಅಡುಗೆಮನೆಗೆ ಹೋಗಿ ಹೆಂಗಸರ ಜೊತೆ ಕೂತು ಒಲೆ, ಸೌದೆ, ನೀರಿನ ವಿವರ ಬರೆಯಬೇಕು ಅಂತ ಆದೇಶ ಬಂದಿತ್ತು. ಊರಿನಲ್ಲಿ ಪಾಸಾದ ಹೆಣ್ಣುಮಗಳು ನಾನೊಬ್ಬಳೇ. ಹೀಗಾಗಿ ಅಡುಗೆಮನೆಗೆ ಹೋಗಬೇಕಾದ ಕೆಲಸ ಅಡುಗೆಮನೆಗೆ ಹೋಗಬಾರದವಳಿಗೆ ಸಿಕ್ಕಿತು. ನಾನು ಬೀದಿಯಲ್ಲಿ ನಿಂತು ಕೂಗುತ್ತಿದ್ದೆ. “ಯವ್ವಾ, ಒಲಿ ಎಷ್ಟ ಅದಾವ್ರಿ?” ಒಳಗಿನಿಂದ ಉತ್ತರ ಬರುತ್ತಿತ್ತು. ನಮ್ಮೂರ ಒಲೆಗಳ ಗಣತಿ ಹೀಗೆ ಬೀದಿಯಿಂದಲೇ ಆಯಿತು. ನಮ್ಮ ಕೇರಿಯಲ್ಲಿ ಮಾತ್ರ ಒಳಗೆ ಹೋಗಿ ನೋಡಿ ಬರೆದೆ.

ಈ ಗಣತಿಯ ಮೇಲೆ ಒಂದು ದೊಡ್ಡ ಸಂಗತಿ ನಿಂತಿತ್ತು. ಕಾಲುವೆಯ ನೀರನ್ನು ಕೊಳವೆಯಲ್ಲಿ ತಂದು ಊರಿಗೊಂದು ಟಾಕಿ, ಅಂದರೆ ನೀರಿನ ತೊಟ್ಟಿ, ಕಟ್ಟುವುದಿತ್ತು. ಯಾವ ಓಣಿಗೆ ಕುಡಿಯುವ ನೀರಿನ ತೊಂದರೆಯೋ ಆ ಓಣಿಗೆ ಟಾಕಿ. ಅದನ್ನು ಹೇಳುವುದು ನಮ್ಮ ಹಾಳೆಗಳು. ಅದು ತಿಳಿದ ದಿನ ಕೇರಿಯ ಹೆಂಗಸರು ನನ್ನನ್ನು ಕರೆದು ಬೆಲ್ಲ ಕೊಟ್ಟರು.

ಗಣತಿಯ ದೊಡ್ಡವರು ಮುಧೋಳಕರ ಸಾಹೇಬರು. ಧಾರವಾಡದವರು. ಪರದೇಶದಲ್ಲಿ ಓದಿ ಬಂದವರು. ಕುಡಿಯುವ ನೀರನ್ನು ಧಾರವಾಡದಿಂದಲೇ ಥರ್ಮಾಸಿನಲ್ಲಿ ತರುತ್ತಿದ್ದರು. ಏಳು ಕೆರೆ ನೋಡಿ ತಲೆ ಹಿಡಿದುಕೊಂಡರು. ಕೆರೆಯೊಂದೇ ಅಲ್ಲ, ಇನ್ನೂ ಗೊಂದಲಗಳಿದ್ದವು. ಪಂಚಾಯ್ತಿ ಚೇರ್ಮನ್ ಕುಬೇರಪ್ಪನ ಹೊಲದಲ್ಲಿ ದುಡಿಯುವ ಪ್ರತಿ ಮನೆಯ ಹಾಳೆಯಲ್ಲೂ ಕುಬೇರಪ್ಪನ ಹೆಸರು, ಓಣಿ, ಎಕರೆ ಬರೆಯಬೇಕಿತ್ತು. ಒಂದು ಹಾಳೆಯಲ್ಲಿ ಅವನ ಹೊಲ ದೊಡ್ಡದು, ಇನ್ನೊಂದರಲ್ಲಿ ಸಣ್ಣದು. ಭೂಸುಧಾರಣೆ ಕಾಯ್ದೆ ಬಂದ ಮೇಲೆ ದೊಡ್ಡವರ ಎಕರೆಗಳು ಹಾಗೆಯೇ ಸಣ್ಣಗಾಗುತ್ತಿದ್ದವು ಅನ್ನಿ. ಒಬ್ಬ ಆಳು ಊರು ಬಿಟ್ಟು ಹೋದ ಅಂತ ಅವನ ಹಾಳೆ ತೆಗೆದರೆ ಅದರ ಜೊತೆ ಹೊಲವೂ ಕಾಣೆಯಾಗುತ್ತಿತ್ತು.

ಸಾಹೇಬರು ಶಾಲೆಯ ಪಡಸಾಲೆಯಲ್ಲಿ ನಮ್ಮನ್ನು ಕೂರಿಸಿ ಹೊಸ ಪದ್ಧತಿ ಹೇಳಿಕೊಟ್ಟರು. ಎಲ್ಲವನ್ನೂ ಒಂದೇ ಹಾಳೆಗೆ ತುರುಕಬಾರದು. ಮನೆಗಳಿಗೆ ಒಂದು ತಖ್ತೆ, ಅಂದರೆ ಗೆರೆ ಎಳೆದ ಪಟ್ಟಿ. ಮಂದಿಗೆ ಒಂದು. ಹೊಲಕ್ಕೆ ಒಂದು. ನೀರಿಗೆ ಒಂದು. ಪ್ರತಿಯೊಂದಕ್ಕೂ ಒಂದು ನಂಬರು.

“ನೋಡವಾ, ಒಂದು ಸಂಗತಿ ಒಂದ ಕಡೆ ಬರೀಬೇಕು,” ಅಂದರು. “ಎರಡು ಕಡೆ ಬರದ್ರ ಒಂದಿಲ್ಲೊಂದು ದಿನಾ ಅವು ಜಗಳಾಡತಾವ. ಕೆರಿದು ನೀರಿನ ತಖ್ತೆದಾಗ ಇರಲಿ. ಮನಿ ಮುಂದ ಕೆರಿ ನಂಬರ್ ಅಷ್ಟ ಹಾಕು. ಕೆರಿ ಎಲ್ಲದ, ಎಷ್ಟು ಆಳದ, ಯಾರಿಗೆ ಮುಕ್ತದ, ಎಲ್ಲಾ ಅಲ್ಲಿ ಒಮ್ಮೆ ಬರದ್ರ ಸಾಕು. ಬದಲಾದ್ರ ಅಲ್ಲೊಂದ ಕಡೆ ತಿದ್ದು.”

ನನಗೆ ಆ ಮಾತು ಹಿಡಿಸಿತು. ಹಿಡಿಸಿತು ಅನ್ನುವುದು ಸಣ್ಣ ಮಾತು, ಮರುಳಾದೆ. ನಮ್ಮೂರು ಎಲ್ಲವನ್ನೂ ಎರಡೆರಡು ಇಟ್ಟುಕೊಂಡ ಊರು. ಚಾದಂಗಡಿಯಲ್ಲಿ ಎರಡು ನಮೂನೆ ಕಪ್ಪು. ಹೆಣಕ್ಕೆ ಎರಡು ಸುಡುಗಾಡು. ಪ್ರಸಾದವೂ ಎರಡು ನಮೂನೆ, ಒಂದು ಕೈಯಲ್ಲಿ ಇಡುವುದು, ಒಂದು ಎಸೆಯುವುದು. ಸಾಹೇಬರ ಪದ್ಧತಿಯನ್ನು ಊರಿಗೆ ಹಚ್ಚಿದರೆ ಎಷ್ಟು ಸಾಮಾನು ಉಳಿದೀತು ಅಂತ ಒಬ್ಬಳೇ ನಕ್ಕೆ. ಬಹಳ ದಿನ ನಗುವ ಭಾಗ್ಯ ಇರಲಿಲ್ಲ.

ನೀರಿನ ತಖ್ತೆಯಲ್ಲಿ ಮೊದಲನೇ ಸಾಲು ನಮ್ಮ ಕೆರೆಯದು. ಒಂದನೇ ನಂಬರು. ಏಳು ಕೆರೆ ಹೋಗಿ ಒಂದಾಯಿತು. ‘ಯಾರಿಗೆ ಮುಕ್ತ’ ಅನ್ನುವ ಜಾಗಕ್ಕೆ ಬಂದಾಗ ಸಾಹೇಬರ ಹುಬ್ಬು ಗಂಟಾಯಿತು. ಹಳೆಯ ಹಾಳೆಗಳಲ್ಲಿ ಊರಿನ ಮನೆಗಳೆಲ್ಲ ‘ಮುಕ್ತ’ ಅಂದಿದ್ದವು. ನಮ್ಮ ಕೇರಿಯ ಹಾಳೆಗಳಲ್ಲಿ ನಾನು ‘ಮೇಲಿನವರು ಹೊಯ್ದರೆ ಉಂಟು’ ಅಂತ ಬರೆದಿದ್ದೆ.

ಕುಬೇರಪ್ಪ ಕುರ್ಚಿಯಲ್ಲಿ ಕೂತಿದ್ದ. ನಾನು ನೆಲಕ್ಕೆ.

“ಚೇರ್ಮನ್ರ, ಕೆರಿ ಯಾರಿಗೆ ಮುಕ್ತದರಿ?” ಸಾಹೇಬರು ಕೇಳಿದರು.

“ಎಲ್ಲಾರಿಗೂ ಐತ್ರಿ. ಕಾಯ್ದೆ ಐತೆಲ್ಲರಿ. ನಮ್ಮೂರಾಗ ಭೇದ ಅನ್ನೂದ ಇಲ್ರಿ. ಬೇಕಾರ ಇಕಿನ್ನ ಕೇಳ್ರಿ.”

ನನ್ನನ್ನು ಕೇಳಲಿಲ್ಲ. ಆದರೂ ಹೇಳಿದೆ. “ನಮಗ ಇಲ್ರಿ ಸಾಹೇಬ್ರ. ನಾವು ಮ್ಯಾಲ ನಿಂದ್ರತೀವಿ.”

ಕುಬೇರಪ್ಪ ನಕ್ಕ. “ತೆರದೈತವಾ ಕೆರಿ. ನೀವ ಇಳಿಯೂದಿಲ್ಲ. ಅದಕ್ಕ ಕೆರಿ ಏನ ಮಾಡೀತು?”

ಸಾಹೇಬರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಪಾಠ ಹೇಳುವ ಪ್ರೀತಿಯಿಂದ. “ಇದ ನೋಡು ನಾ ಹೇಳಿದ ಜಗಳ. ಒಂದ ಕೆರಿ ಒಬ್ಬರಿಗೆ ತೆರದದ, ಇನ್ನೊಬ್ಬರಿಗೆ ಮುಚ್ಚೇದ ಅಂದ್ರ ಹ್ಯಾಂಗಾಗ್ತದ? ಒಂದು ಜಾಗಾದಾಗ ಒಂದ ಉತ್ತರ. ಹೆಚ್ಚು ಮನಿ ಏನಂತಾವ ಅದ ಖರೆ ಅಂತ ಹಿಡಿಬೇಕು.”

‘ಸರ್ವರಿಗೂ ಮುಕ್ತ’ ಅಂತ ತಾವೇ ಬರೆದರು. ಕುಬೇರಪ್ಪ ಕೆಳಗೆ ಸಹಿ ಹಾಕಿದ. ನಮ್ಮ ಕೇರಿಯ ಮನೆಗಳ ಮುಂದೆಲ್ಲ ಒಂದನೇ ನಂಬರು ಬಂತು. ನಾವು ಹುಟ್ಟಿದಾಗಿನಿಂದ ನಿಂತ ಕಲ್ಲು ಯಾವ ತಖ್ತೆಯಲ್ಲೂ ಉಳಿಯಲಿಲ್ಲ. ಅದಕ್ಕೆ ಜಾಗವನ್ನೇ ಮಾಡಿರಲಿಲ್ಲ.

ಎಳ್ಳಮವಾಸ್ಯೆಯ ಹಿಂದಿನ ದಿನ ಆದೇಶ ಬಂತು. ನಮ್ಮ ಕೇರಿಯ ಮನೆಗಳಿಗೆ ಒಂದನೇ ನಂಬರಿನ ನೀರು ಇದೆ, ಅದು ಸರ್ವರಿಗೂ ಮುಕ್ತ, ಆದ್ದರಿಂದ ಟಾಕಿಯ ಅಗತ್ಯ ಕಾಣುವುದಿಲ್ಲ. ಕೇರಿಯಲ್ಲಿ ಓದಿ ಹೇಳಿದೆ. ಬೆಲ್ಲ ಕೊಟ್ಟವರ ಮುಖ ನೋಡಲಾಗಲಿಲ್ಲ.

ಮರುದಿನ ಎಳ್ಳಮವಾಸ್ಯೆ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂದು ಊರಿಗೆ ಊರೇ ಬಂಡಿ ಕಟ್ಟಿ ಹೊಲಕ್ಕೆ ಹೋಗುತ್ತದೆ. ಎಡೆಯ ಅಡುಗೆಯನ್ನು ಹೊಲಕ್ಕೆ ಚರಗ ಅಂತ ಚೆಲ್ಲಿ, ಅಲ್ಲೇ ಉಂಡು, ಹೊತ್ತು ಇಳಿದ ಮೇಲೆ ಬರುತ್ತದೆ. ಹೊಲವಿಲ್ಲದ ನಮಗೆ ಚರಗವಿಲ್ಲ. ನಾವು ಕೊಡ ತೆಗೆದುಕೊಂಡು ನಿಂದ್ರೂ ಕಲ್ಲಿಗೆ ಹೋದೆವು.

ಯಾರೂ ಇರಲಿಲ್ಲ.

ಕೆರೆ ತುಂಬಿತ್ತು. ಗಾಳಿಗೆ ಸಣ್ಣಗೆ ಅಲುಗುತ್ತಿತ್ತು. ಮೆಟ್ಟಿಲು ಇಳಿದರೆ ನೀರು. ಹೊಯ್ಯುವವರು ಇಲ್ಲ. ಕೇರಿಯ ಹೆಂಗಸರೆಲ್ಲ ಖಾಲಿ ಕೊಡಗಳ ಜೊತೆ ಕೂತೆವು. ಬಿಸಿಲು ಏರಿತು. ಕಂಕುಳಲ್ಲಿದ್ದ ಕೂಸುಗಳು ಅತ್ತು ಅತ್ತು ಸುಮ್ಮನಾದವು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎದುರಿಗೆ ಊರಿನ ಎಮ್ಮೆಯೊಂದು ಬೇಲಿ ನುಗ್ಗಿ ಬಂದು, ನೀರಿಗಿಳಿದು, ಹೊಟ್ಟೆ ತುಂಬ ಕುಡಿದು, ಅಲ್ಲೇ ಉಚ್ಚೆ ಹೊಯ್ದು ಹೋಯಿತು. ಸರ್ವರಿಗೂ ಮುಕ್ತ ಅಂದರೆ ಸುಳ್ಳಲ್ಲ ನೋಡಿ.

ಹೊತ್ತು ಮುಳುಗುವಾಗ ಬಂಡಿಗಳು ಬಂದವು. ಕುಬೇರಪ್ಪನ ಹೆಂಡತಿ ಶಾರದವ್ವ ಕೊಡ ಹಿಡಿದು ಬಂದಳು. ಅವಳು ಉಳಿದವರಿಗಿಂತ ವಾಸಿ, ಬೈಯದೆ ಹೊಯ್ಯುವವಳು. ಅವ್ವ ಎದ್ದು ನಿಂತು ಸೆರಗು ಒಡ್ಡಿದಳು.

“ಯವ್ವಾ, ಮುಂಜಾನಿಂದ ಗುಟುಕ ನೀರಿಲ್ರಿ. ಒಂದ ಕೊಡಾ ಹೊಯ್ರಿ.”

“ಇವತ್ತ ರಟ್ಟ್ಯಾಗ ಶಕ್ತಿ ಇಲ್ಲ ಕರೆವ್ವಾ. ಹೊಲಕ್ಕ ಹೋಗಿ ಬಂದು ಸಾಕಾಗೇತಿ. ನಾಳಿ ಹೊಯ್ತೀನಿ.”

ತನ್ನ ಕೊಡ ತುಂಬಿಕೊಂಡು ಹೋದಳು. ನಾವು ಮಲಗುವ ಹೊತ್ತಿಗೆ ಸವಳು ಬಾವಿಯ ನೀರು ಸೇದಿ ಕುಡಿದೆವು. ಕುಡಿದಷ್ಟೂ ಬಾಯಾರುವ ನೀರು ಅದು.

ಬೆಳಗಾದ ಮೇಲೆ ಸಾಹೇಬರು ಶಾಲೆಗೆ ಬಂದಿದ್ದರು. ನಾನು ಎಲ್ಲ ಹೇಳಿದೆ. ಕೂಸುಗಳು ಅತ್ತಿದ್ದು, ಎಮ್ಮೆ, ಶಾರದವ್ವನ ರಟ್ಟೆ. ಹೇಳುತ್ತ ಅತ್ತೆ. ಅತ್ತಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. “ಎಮ್ಮಿಗೆ ತೆರದೈತ್ರಿ ಸಾಹೇಬ್ರ, ನಮ್ಮವ್ವಗ ಮುಚ್ಚೇತಿ. ಎರಡೂ ಒಂದ ಕೆರಿ. ನಿಮ್ಮ ತಖ್ತೆದಾಗ ಇದನ್ನ ಎಲ್ಲಿ ಬರೀಲಿ?”

ಸಾಹೇಬರ ಮುಖ ಅರಳಿತು.

“ಭೇಷ್! ಎಂಥಾ ಛಲೋ ಉದಾಹರಣಿ ಸಿಕ್ತು! ಮುಕ್ತ ಅನ್ನೂದು ಕೆರಿ ಗುಣ ಅಲ್ಲ. ಬರೇ ಮನಿ ಗುಣಾನೂ ಅಲ್ಲ. ಕೆರಿ, ಮನಿ ಎರಡೂ ಕೂಡಿದಾಗಿನ ಗುಣ ಅದು. ಅದನ್ನ ಕೆರಿ ತಖ್ತೆದಾಗ ಇಟ್ಟದ್ದ ತಪ್ಪಾತು. ಅದಕ್ಕ ಬ್ಯಾರೆ ತಖ್ತೆ ಬೇಕು. ಮನಿ ನಂಬರ್, ನೀರಿನ ನಂಬರ್, ನೀರು ಹ್ಯಾಂಗ ಸಿಗ್ತದ. ಮೂರ ಕಲಮು!”

ಅಲ್ಲೇ ಸ್ಕೇಲು ಇಟ್ಟು ಗೆರೆ ಎಳೆಯತೊಡಗಿದರು. ಥರ್ಮಾಸಿನ ನೀರು ಕುಡಿದು ಮತ್ತೆ ಎಳೆದರು. ನಾನು ಹೇಳಿದ್ದು ಬಾಯಾರಿಕೆ. ಅವರಿಗೆ ಕೇಳಿಸಿದ್ದು ಉದಾಹರಣೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಹೊಸ ತಖ್ತೆಗೂ ಪಂಚಾಯ್ತಿಯ ಸಹಿ ಬೇಕು. ಕುಬೇರಪ್ಪ ಕನ್ನಡಕ ಏರಿಸಿ ಓದಿದ. ‘ಮೇಲಿನವರು ಹೊಯ್ದರೆ ಉಂಟು.’ ಅವನ ಕಿವಿ ಕೆಂಪಾದವು.

“ಇದಕ್ಕ ಸಹಿ ಮಾಡಿದ್ರ ನಾನ ನನ್ನ ಕೈಯಾರೆ ಜೇಲಿಗೆ ಹೋದಂಗಾತ್ರಿ. ಅಸ್ಪೃಶ್ಯತಾ ಕಾಯ್ದೆ ಬಿಗಿ ಆಗೇತಿ.”

“ಮತ್ತ ಅವರಿಗೆ ಟಾಕಿ ಹ್ಯಾಂಗ ಕೊಡಸೂದ್ರಿ?” ಸಾಹೇಬರು ಕೇಳಿದರು.

ಟಾಕಿ ಕೊಡಿಸಲು ಕುಬೇರಪ್ಪನಿಗೆ ಈಗ ಮನಸ್ಸಿತ್ತು. ಬೇರೆ ಟಾಕಿ ಬಂದರೆ ಕೇರಿಯವರು ಕೆರೆಯ ಸುದ್ದಿಗೆ ಬರುವುದಿಲ್ಲ. ಆದರೆ ಕೆರೆ ಮುಚ್ಚಿದೆ ಅಂತ ಒಪ್ಪುವಂತಿಲ್ಲ. ಮುಕ್ತ ಇದೆ ಅಂದರೆ ಟಾಕಿ ಇಲ್ಲ. ಸ್ವಲ್ಪ ಹೊತ್ತು ಮೀಸೆ ತಿರುವಿದ. ಹೊಳೆಯಿತು.

“ಹಿಂಗ ಮಾಡ್ರಿ. ‘ಸ್ವಂತ ಇಚ್ಛೆಯಿಂದ ಕೆರೆಗೆ ಇಳಿಯುವುದಿಲ್ಲ’ ಅಂತ ಬರೀರಿ. ಕೇರಿಯವರು ಹೆಬ್ಬಟ್ಟ ಒತ್ತಲಿ. ಅವರಿಗೂ ಟಾಕಿ ಬಂತು, ನನಗೂ ತ್ರಾಸಿಲ್ಲ.”

ಸಾಹೇಬರು ಯೋಚಿಸಿದರು. ಮೂರನೆಯ ಕಲಮಿನಲ್ಲಿ ಆ ಮಾತು ಹಿಡಿಸುತ್ತದೆಯೇ ಅಂತ ಅಳತೆ ನೋಡಿದರು. ಹಿಡಿಸಿತು.

ತಾಲೂಕಿನ ಅಧಿಕಾರಿ ಜೀಪಿನಲ್ಲಿ ಬಂದ ದಿನ ನಮ್ಮ ಕೇರಿಯ ಬೇವಿನ ಗಿಡದ ಕೆಳಗೆ ಮೇಜು ಹಾಕಿದರು. ಮೇಜಿನ ಮೇಲೆ ಹೊಸ ತಖ್ತೆ, ಮಸಿ ಹಚ್ಚಿದ ಅರಿವೆ. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕೆಲಸ ನನ್ನದು. ನನ್ನ ಸೋದರಮಾವ ಗುಡದಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ.

“ಒತ್ತೇ ಬಿಡೂಣು ಸಾವಂತ್ರಿ,” ಅಂದ. “ಅಕ್ಷರದಾಗ ಏನೈತಿ? ಬಾಯಿಗೆ ನೀರ ಬಂದ್ರ ಸಾಕು.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನಂಬರಿನ ಪ್ರಕಾರ ಮೊದಲನೇ ಮನೆ ನಮ್ಮದು. ಅವ್ವ ಬಂದು ನಿಂತಳು. ಓದಿದೆ.

“ಇನ್ನೊಮ್ಮೆ ಓದು,” ಅಂದಳು.

“ಸ್ವಂತ ಇಚ್ಛೆಯಿಂದ ಕೆರೆಗೆ ಇಳಿಯುವುದಿಲ್ಲ.”

“ಯಾರ ಇಚ್ಛಾ?”

“ನಿಂದು.”

ಅವ್ವ ಕುಬೇರಪ್ಪನ ಕಡೆ ನೋಡಿದಳು. ಸಾಹೇಬರ ಕಡೆ ನೋಡಿದಳು.

“ನಾ ಹುಟ್ಟಿದಾಗಿಂದ ನಿನ್ನ ಇಚ್ಛಾ ಏನಂತ ನನ್ನ ಒಬ್ಬರೂ ಕೇಳಿಲ್ಲ,” ಅಂದಳು. “ಇವತ್ತೂ ಕೇಳಿಲ್ಲ. ಕೇಳದನ ಬರದಾರ.”

ಅಧಿಕಾರಿ ಗಡಿಯಾರ ನೋಡಿಕೊಂಡ.

“ಮದಲಿನ ತಖ್ತೆದಾಗ ಏನೈತಿ ಯವ್ವಾ?” ಅವ್ವ ನನ್ನನ್ನು ಕೇಳಿದಳು.

“ಒಂದನೇ ನಂಬರಿನ ಕೆರಿ. ಎಲ್ಲಾರಿಗೂ ಮುಕ್ತ. ಚೇರ್ಮನ್ರ ಸಹಿ ಐತಿ.”

“ಹಂಗಾರ ಛಲೋ ಐತೆಲ್ಲ ಅದು! ಛಲೋ ಕಾಗದಾ ಯಾಕ ತಿದ್ದತೀರಿ?” ಅವ್ವನ ದನಿ ಏರಿತು. “ಕಾಗದಾ ಹಂಗ ಇರಲಿ. ಕೆರಿ ತಿದ್ದೂಣು.”

ಗುಡಿಸಲಿಗೆ ಹೋದಳು. ಕೊಡ ತಂದಳು. ಕೆರೆಯ ದಾರಿ ಹಿಡಿದಳು. ಹಿಂದೆ ತಿರುಗಿ ಕರೆಯಲಿಲ್ಲ. ಎಳ್ಳಮವಾಸ್ಯೆಯ ದಿನ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡರು. ಗುಡದಪ್ಪ ಮಸಿ ಹತ್ತಿದ ಹೆಬ್ಬೆಟ್ಟನ್ನು ಧೋತರಕ್ಕೆ ಒರೆಸಿಕೊಂಡು ನಡೆದ.

ನಾನು ಪೆನ್ನಿನ ಮುಚ್ಚಳ ಹಾಕಿದೆ.

“ಎಲ್ಲಿ ಹೊಂಟಿ?” ಸಾಹೇಬರು ಕೇಳಿದರು. “ಕೆಲಸ ಅರ್ಧಾ ಆಗೇದ.”

“ನೀರಿಗೆ ಹೊಂಟೇನ್ರಿ.”

ನಿಂದ್ರೂ ಕಲ್ಲಿನ ಹತ್ತಿರ ಎಲ್ಲರೂ ನಿಂತರು. ನಿಂತು ನಿಂತು ಕಾಲಿಗೆ ಅಭ್ಯಾಸವಾಗಿತ್ತು. ಅವ್ವ ನಿಲ್ಲಲಿಲ್ಲ. ಕಲ್ಲನ್ನು ಮೆಟ್ಟಿದಳು. ಒಂದು ಮೆಟ್ಟಿಲು ಇಳಿದಳು. ಇನ್ನೊಂದು. ಹಿಂದೆ ನಾನು. ಹೆದರಿಕೆಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಕುಬೇರಪ್ಪ ಏದುಸಿರು ಬಿಡುತ್ತ ಓಡಿ ಬಂದ. “ಏ ಕರೆವ್ವಾ! ಮ್ಯಾಲ ಬಾರಲೇ! ಹಿಂದಕ್ಕ ಸರಿ!”

ಅವನ ಬೆನ್ನಿಗೆ ಅಧಿಕಾರಿ, ಸಾಹೇಬರು. ಅಧಿಕಾರಿ ಕೇಳಿದ. “ಯಾಕ್ರಿ ಚೇರ್ಮನ್ರ? ಮುಕ್ತ ಐತಿ ಅಂತ ಸಹಿ ಮಾಡೀರೆಲ್ಲ?”

ಕುಬೇರಪ್ಪ ಅಧಿಕಾರಿಯ ಕಡೆ ತಿರುಗಿದ.

“ಐತ್ರಿ, ಐತ್ರಿ. ಮೆಟ್ಟಲಾ ಜಾರತಾವು, ನೋಡಿ ಇಳೀರಿ ಅಂತ ಹೇಳಾಕತ್ತಿದ್ದೆ.”

ಅವ್ವನ ಕಾಲು ನೀರಿಗೆ ಹತ್ತಿತು. ಮೊಣಕಾಲ ತನಕ ಹೋದಳು. “ಸಾವಂತ್ರಿ, ಎಡಕ್ಕ ತಗ್ಗೈತಿ, ಬಲಕ್ಕ ಬಾ,” ಅಂದಳು. ಕೆರೆಯ ತಳ ಅವಳಿಗೆ ಗೊತ್ತು, ಅಗೆದವಳು ಅವಳೇ. ಕೊಡ ಮುಳುಗಿಸಿದಳು. ಬುಳುಬುಳು ಸದ್ದು ಮಾಡಿ ಕೊಡ ಪೂರ್ತಿ ತುಂಬಿತು. ಅಷ್ಟು ತುಂಬಿದ ಕೊಡವನ್ನು ಅವಳು ಎಂದೂ ಹೊತ್ತಿರಲಿಲ್ಲ. ಆಮೇಲೆ ಬೊಗಸೆಯಲ್ಲಿ ನೀರು ತೆಗೆದು ಕುಡಿದಳು. ನಾನೂ ಕುಡಿದೆ. ಸಿಹಿ ಇತ್ತು. ಇಷ್ಟು ಸಿಹಿಯನ್ನು ಇಷ್ಟು ದಿನ ಇವರೇ ಕುಡಿದರಲ್ಲ ಅಂತ ಹೊಟ್ಟೆ ಉರಿಯಿತು.

ಜೀಪು ಹೋಗುವ ತನಕ ಊರು ನಗುತ್ತ ನಿಂತಿತ್ತು. ಜೀಪು ಹೋಯಿತು.

ಕತ್ತಲಾಗುವ ಮೊದಲೇ ಕೇರಿಯ ಮೇಲೆ ಕಲ್ಲು ಬಿದ್ದವು. ಹೊರಗಿಟ್ಟ ಕೊಡಗಳನ್ನು ಒಡೆದರು. ಅಡ್ಡ ಬಂದ ಗುಡದಪ್ಪನ ಮುಂಗೈ ಮುರಿಯಿತು. ಕಲ್ಲು ಎಸೆದವರು ಯಾರು ಅಂತ ಪೊಲೀಸರು ಕೇಳಿದರು. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲ ಅದು. ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ನಸುಕಿನಲ್ಲಿ ಎದ್ದು ಶಲವಡಿಯ ಕಡೆಗೆ ನಡೆದು ಹೋಗಿ ಹತ್ತಿ ಬಿಡಿಸಿದೆವು. ಅಂಗಾಲು ಒಡೆದವು. ಬೆರಳು ಗೀರಿದವು. ಆದರೆ ಹೋಗುವ ಮೊದಲು ಕೆರೆಗೆ ಇಳಿದೇ ಹೋಗುತ್ತಿದ್ದೆವು. ಒಡೆದ ಕೊಡ ಹೋದರೆ ಡಬ್ಬಿ ತಂದೆವು, ಡಬ್ಬಿ ಕಸಿದರೆ ಗಡಿಗೆ ತಂದೆವು.

ಊರಿನವರು ಕೆರೆಯ ನೀರು ಮುಟ್ಟುವುದಿಲ್ಲ ಅಂತ ಗುಡಿಯಲ್ಲಿ ಆಣೆ ಮಾಡಿದರು. ಮೊದಲು ಗೋಮೂತ್ರದಿಂದ ಶುದ್ಧ ಮಾಡಿದ್ದರು. ನಾವು ಮರುದಿನ ಮತ್ತೆ ಇಳಿದೆವು. ದಿನಾ ಶುದ್ಧ ಮಾಡುವಷ್ಟು ಆಕಳು ಊರಿನಲ್ಲಿ ಇರಲಿಲ್ಲ. ಹೀಗಾಗಿ ಆಣೆ. ಸವಳು ಬಾವಿಗೆ ಹಗ್ಗ ಬಿಟ್ಟರು. ಬೇಳೆ ಬೇಯಲಿಲ್ಲ. ಆಮೇಲೆ ಹೊಟ್ಟೆಗಳು ಸಡಿಲಾದವು. ಬೆಳ್ಳಂಬೆಳಗ್ಗೆ ಊರಿನ ಹಿರಿಯರು ಚೆಂಬು ಹಿಡಿದು ಓಡುವುದನ್ನು ನಾವು ದಾರಿ ಬಿಟ್ಟುಕೊಟ್ಟು ನೋಡುತ್ತಿದ್ದೆವು. ಬೇರೆಯವರ ಹೊಟ್ಟೆನೋವಿಗೆ ನಗಬಾರದು ಅನ್ನುತ್ತಾರೆ. ನಾನು ನಕ್ಕೆ.

ಕೆರೆಗೆ ಮೊದಲು ಬಂದವಳು ಶಾರದವ್ವ. ಒಬ್ಬಳೇ ಬಂದಳು. ನಮ್ಮಿಂದ ದೂರ, ಆ ಮೂಲೆಯಲ್ಲಿ, ಮೆಟ್ಟಿಲಿಲ್ಲದ ಕಡೆ ಇಳಿಯಲು ನೋಡಿದಳು. ಕಾಲು ಹೂತಿತು.

ಅವ್ವ ಕೊಡ ತುಂಬುವುದನ್ನು ನಿಲ್ಲಿಸಿದಳು. “ಆ ಕಡೆ ರಾಡಿ ಐತ್ರೆವ್ವಾ. ಈ ಕಡೆ ಬರ್ರಿ.”

ಶಾರದವ್ವ ಕಾಲು ಕಿತ್ತುಕೊಂಡು ಈ ಕಡೆ ಬಂದಳು. ಅವ್ವನ ಬಾಜೂ ನಿಂತು ಕೊಡ ತುಂಬಿಕೊಂಡಳು. ಮರುದಿನ ಅವಳ ಹಿಂದೆ ಇನ್ನಿಬ್ಬರು ಇದ್ದರು. ಗುಡಿಯ ಆಣೆ ಗಂಡಸರದು. ನೀರು ಹೊರುವ ರಟ್ಟೆ ಹೆಂಗಸರದು. ಮನೆಯಲ್ಲಿ ಕುಡಿಯುವ ನೀರು ಯಾವುದು ಅಂತ ಯಾವ ಗಂಡಸೂ ಕೇಳಲಿಲ್ಲ. ಬೇಳೆ ಬೇಯತೊಡಗಿದ್ದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಸಾಹೇಬರು ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ನನ್ನ ಅಕ್ಷರ ದುಂಡಗಿದ್ದವು. ಹೊಸ ತಖ್ತೆಯಲ್ಲಿ ನಮ್ಮ ಕೇರಿಯ ಮನೆಗಳ ಮೂರನೆಯ ಕಲಮಿಗೆ ‘ಇಳಿದು ತುಂಬಿಕೊಳ್ಳುತ್ತಾರೆ’ ಅಂತ ನಾನೇ ಬರೆದೆ. ಊರಿನ ಮನೆಗಳಿಗೂ ಅದೇ ಮಾತು. ಎಲ್ಲ ಸಾಲೂ ಒಂದೇ ಆದವು. ಇನ್ನು ಈ ತಖ್ತೆ ಬೇಡ, ಮೊದಲಿನ ಒಂದು ಸಾಲೇ ಸಾಕು ಅಂತ ಸಾಹೇಬರು ಅದನ್ನು ಮಡಚಿಟ್ಟರು. ಅವರಿಗೆ ಸ್ವಲ್ಪ ಬೇಸರವಾದ ಹಾಗೆ ಕಂಡಿತು. ಉದಾಹರಣೆ ಕೈತಪ್ಪಿತ್ತು.

ಟಾಕಿ ಯಾವ ಓಣಿಗೆ ಅನ್ನುವುದು ಇನ್ನೂ ಉಳಿದಿತ್ತು. ಬೇಕಾದವರು ಅರ್ಜಿ ಬರೆಸಬಹುದು ಅಂತ ಸಾರಿದರು. ಒಂದು ಮಧ್ಯಾಹ್ನ ಶಾಲೆಯ ಪಡಸಾಲೆಗೆ ಕುಬೇರಪ್ಪ ಬಂದ. ಸೊರಗಿದ್ದ. ಸಾಹೇಬರು ಇರಲಿಲ್ಲ, ಬರೆದುಕೊಳ್ಳುವವಳು ನಾನೊಬ್ಬಳೇ.

“ನಮ್ಮ ಓಣಿಗೆ ಬ್ಯಾರೆ ಟಾಕಿ ಬೇಕು. ಬರಕೋ,” ಅಂದ.

ಅರ್ಜಿ ತೆಗೆದೆ. ಮನೆ ನಂಬರು ಬರೆದೆ. ಈಗಿನ ನೀರು: ಒಂದನೇ ನಂಬರಿನ ಕೆರೆ. ಯಾರಿಗೆ ಮುಕ್ತ ಅನ್ನುವುದನ್ನು ಅರ್ಜಿಯಲ್ಲಿ ಬರೆಯುವ ಹಾಗಿಲ್ಲ, ಅದು ನೀರಿನ ತಖ್ತೆಯಲ್ಲಿ ಅವನದೇ ಸಹಿಯ ಮೇಲೆ ಇದೆ. ಸಿಹಿಯೋ ಸವಳೋ? ಅದೂ ಅಲ್ಲೇ ಇದೆ, ಸಿಹಿ. ಕೊನೆಯ ಒಂದು ಜಾಗ ಉಳಿಯಿತು.

“ಎರಡನೇದು ಬೇಕು ಅನ್ನಾಕ ಕಾರಣ ಏನ್ರಿ?”

“ಏನರ ಬರಿ.”

“ಏನರ ಬರಿಯೂ ಹಂಗಿಲ್ರಿ. ನೀವು ಹೇಳಿದ್ದ ಬರೀತೀನಿ.”

“ನಿನಗ ಗೊತ್ತಿಲ್ಲೇನ?”

“ನನಗ ಗೊತ್ತೈತ್ರಿ. ತಖ್ತೆಕ್ಕ ಗೊತ್ತಿಲ್ಲ. ಕೆರ್‍ಯಾಗ ನೀರೈತಿ. ಸಿಹಿ ಐತಿ. ಎಲ್ಲಾರಿಗೂ ಮುಕ್ತ ಐತಿ ಅಂತ ನೀವ ಸಹಿ ಮಾಡೀರಿ. ನಮ್ಮೂರಾಗ ಭೇದ ಇಲ್ಲ ಅಂದೀರಿ. ಮತ್ತ ಬ್ಯಾರೆ ಟಾಕಿ ಯಾಕ್ರಿ?”

ಕುಬೇರಪ್ಪ ನನ್ನನ್ನು ನೋಡಿದ. ಬಾಯಿ ಬಿಟ್ಟರೆ ಬಣ್ಣಗೇಡು. ಬಾಜೂ ಅವ್ವ ಮುಂಜಾನೆ ತುಂಬಿಟ್ಟ ಗಡಿಗೆ ಇತ್ತು. ಅದರ ಕಡೆ ಅವನ ಕಣ್ಣು ಹೋಗಿ ಬಂತು.

“ಹೇಳ್ರಿ ಚೇರ್ಮನ್ರ,” ಅಂದೆ. “ಮಸಿ ಒಣಗಾಕತ್ತೈತಿ.”

ಅವನು ಎದ್ದು ಹೋದ. ಅರ್ಜಿ ವಾಪಸು ಕೇಳಲಿಲ್ಲ.

ಕಾರಣದ ಜಾಗ ಖಾಲಿ ಬಿಟ್ಟರೆ ಯಂತ್ರ ಒಪ್ಪುವುದಿಲ್ಲ, ಬೇಗ ತುಂಬಿ ಕಳಿಸು ಅಂತ ಸಾಹೇಬರು ಧಾರವಾಡದಿಂದ ಎರಡು ಸಲ ಹೇಳಿ ಕಳಿಸಿದರು. ನಾನು ಕುಬೇರಪ್ಪನ ಮನೆಗೆ ಎರಡು ಸಲ ಹೋಗಿ ಕೇಳಿದೆ. ಈಗ ಬೀದಿಯಿಂದ ಕೂಗುವುದಿಲ್ಲ, ಕಟ್ಟೆ ಹತ್ತಿ ಕೇಳುತ್ತೇನೆ. ಆ ಜಾಗ ಇನ್ನೂ ಖಾಲಿ ಇದೆ. ನಾವು ದಿನಾ ಕೆರೆಗೆ ಇಳಿಯುತ್ತಿದ್ದೇವೆ.